‘ಒಂದೇ ಸಲ’ ಎಂದ ತಪ್ಪಿಗೆ

ಕ್ರಿಸ್ತಶಕ 2171, ಕೊಸರು ತಿಂಗಳು, ಹನ್ನೊಂದನೆಯ ದಿನ
ಕೆರೆಯಂಗಳ

ಈ ಕಾಗದ ಯಾರ ಕೈಗೆ ಸಿಕ್ಕಿದೆಯೋ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದು ಇದನ್ನು ಬಿಸಾಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಎಲ್ಲ ತಿಂಗಳಿಗೂ ಇಪ್ಪತ್ತೆಂಟೇ ದಿನ ಎಂದು ಸರ್ಕಾರ ಕತ್ತರಿಸಿ, ಮಿಕ್ಕ ದಿನಗಳನ್ನೆಲ್ಲ ಗುಡ್ಡೆ ಹಾಕಿ ಕೊನೆಗೆ ಇನ್ನೊಂದು ತಿಂಗಳು ಮಾಡಿತು. ತರಕಾರಿಯವಳು ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳಲ್ಲ, ಹಾಗೆ. ಅದಕ್ಕೇ ಅದು ಕೊಸರು ತಿಂಗಳು. ಇಂಥ ಮಾತುಗಳು ಮುಂದೆಯೂ ಬರುತ್ತವೆ, ಮನ್ನಿಸಿ. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಬಿಸಿನೀರಿನ ಬಾಣಲೆಯ ಮುಂದೆ ಕೂತು ರೇಷ್ಮೆ ನೂಲು ತೆಗೆದವಳು. ನನಗೆ ಬಂದ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ, ನಗಬೇಡಿ. ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ಹೆಸರು ಪಿಳ್ಳಮ್ಮ, ವಯಸ್ಸು ಎಪ್ಪತ್ತನಾಲ್ಕು. ನಿಮ್ಮ ಕಾಲಕ್ಕೇ ಹಳೆಯದಾಗಿದ್ದ ಇಂಥ ಹೆಸರುಗಳು ನಾನು ಹುಟ್ಟುವ ಹೊತ್ತಿಗೆ ಮತ್ತೆ ಫ್ಯಾಷನ್ ಆಗಿದ್ದವಂತೆ. ಎಪ್ಪತ್ತು ದಾಟಿದವರಿಗೆ ನಮ್ಮಲ್ಲಿ ಹಿನ್ನಂಚೆಯಲ್ಲಿ ಒಂದೇ ಒಂದು ಕಾಗದ ಹಾಕಲು ಬಿಡುತ್ತಾರೆ. ಹಿನ್ನಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಇಂಥವರಿಗೇ ತಲುಪಬೇಕು ಎಂದು ಹೆಸರು ಬರೆಯುವ ಹಾಗಿಲ್ಲ, ಉತ್ತರವೂ ಬರುವುದಿಲ್ಲ. ಸುಮಾರು ಎಷ್ಟು ವರ್ಷ ಹಿಂದೆ ಎಂದು ಹೇಳಿದರೆ ಸಾಕು, ಅಲ್ಲಿ ಯಾರ ಬಾಗಿಲಿಗೋ ಬೀಳುತ್ತದೆ. ನಾನು ನೂರೈವತ್ತು ವರ್ಷ ಎಂದು ಹೇಳಿದೆ. ಜನ ಇದರಲ್ಲಿ ಪ್ರೀತಿಪ್ರೇಮ ಬರೆದು ಕಳಿಸುತ್ತಾರೆ. ನಾನು ಕೋರ್ಟಿನ ವಿಷಯ ಬರೆಯುತ್ತಿದ್ದೇನೆ.

ನಮ್ಮ ಊರು ಶಿಡ್ಲಘಟ್ಟದ ಆಚೆ, ಬತ್ತಿದ ಒಂದು ದೊಡ್ಡ ಕೆರೆಯ ಅಂಗಳದಲ್ಲಿ ಎದ್ದದ್ದು. ಹನ್ನೊಂದು ಸಾವಿರ ಮನೆ. ಅರ್ಧ ಜನ ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತಾರೆ, ಅರ್ಧ ಜನ ನೂಲು ತೆಗೆಯುತ್ತಾರೆ. ರೇಷ್ಮೆ ಈಗ ಸೀರೆಗಲ್ಲ, ಅಷ್ಟು ಬಿಸಿಲಿನಲ್ಲಿ ಯಾರು ಉಡುತ್ತಾರೆ? ಆಸ್ಪತ್ರೆಯಲ್ಲಿ ಗಾಯ ಹೊಲಿಯುವ ದಾರಕ್ಕೆ. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಬೀದಿಗೆ ಇಳಿಯುವ ಹಾಗಿಲ್ಲ, ಆಗ ಊರೆಲ್ಲ ಒಳಗೆ ಕೂತು ನೂಲು ತೆಗೆಯುತ್ತದೆ. ಹತ್ತು ರೇಷ್ಮೆಗೂಡು ಬಿಸಿನೀರಿನಲ್ಲಿ ಕುಣಿಯುತ್ತಿರುತ್ತವೆ, ಹತ್ತರಿಂದಲೂ ಕಣ್ಣಿಗೆ ಕಾಣದಂಥ ಎಳೆ ಎದ್ದು ಬರುತ್ತದೆ, ಮೇಲೆ ಹೋಗುವಾಗ ಹತ್ತೂ ಸೇರಿ ಒಂದು ನೂಲು. ಇದನ್ನು ನೆನಪಿಟ್ಟುಕೊಳ್ಳಿ. ಉಳಿದದ್ದೆಲ್ಲ ಇದೇ.

ಪ್ರತಿ ಮನೆಯ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಗೂಡು ಇರುತ್ತದಲ್ಲ, ನಮ್ಮ ಮನೆಗಳಲ್ಲಿ ಅಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇದೆ. ಅದಕ್ಕೂ ಗೂಡು ಎಂದೇ ಹೆಸರು. ಆ ಮನೆಯವರ ವಿಷಯವೆಲ್ಲ ಅದರಲ್ಲಿ ಇರುತ್ತದೆ: ಯಾರ ರಕ್ತ ಯಾವ ಗುಂಪು, ಯಾವ ಬಾವಿಯಲ್ಲಿ ಎಷ್ಟು ನೀರು, ಯಾರ ಹತ್ತಿರ ಯಾವ ತಳಿಯ ಹುಳದ ಮೊಟ್ಟೆ. ಹನ್ನೊಂದು ಸಾವಿರ ಗೂಡೂ ಸೇರಿದರೆ ಊರಿನ ಡೇಟಾಬೇಸ್. ಒಬ್ಬರ ಯಜಮಾನಿಕೆ ಇಲ್ಲ, ಎಲ್ಲರದ್ದು. ಎರಡು ಸಾವಿರದ ನೂರ ಮೂವತ್ತೊಂದರಲ್ಲಿ ಮೊದಲ ನಲವತ್ತು ಗೂಡು ಕೂರಿಸಿದಾಗ ಗೋಡೆಗೆ ಗಾರೆ ಮೆತ್ತಿದವರಲ್ಲಿ ನಾನೂ ಒಬ್ಬಳು.

ಹುಡುಕುವುದು ಹೇಗೆ ಎಂಬ ಪ್ರಶ್ನೆ ಆಗಲೇ ಬಂತು. ಓದಿದವರು ಏನೇನೋ ನಕ್ಷೆ ಬರೆದರು. ನನ್ನ ತಂಗಿ ನರಸಮ್ಮ ಹೇಳಿದ್ದು ಒಂದೇ ಮಾತು: “ಅಯ್ಯೋ, ಹುಳ ಹಣ್ಣಾದಾಗ ಏನ್ ಮಾಡ್ತೀವೋ ಅದನ್ನೇ ಮಾಡ್ರಪ್ಪ.” ಹುಳ ಹಣ್ಣಾಗುವುದು ಎಂದರೆ ಅದು ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾಗುವುದು. ಒಂದೇ ದಿನದಲ್ಲಿ ಸಾವಿರಾರು ಹುಳ ಹಣ್ಣಾಗುತ್ತವೆ, ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡದಿದ್ದರೆ ಕೆಟ್ಟವು. ಮನೆಯವರೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಮುಯ್ಯಾಳು ಕರೆಯುತ್ತೇವೆ. ಅಕ್ಕಪಕ್ಕದವರು ಬಂದು ಒಬ್ಬೊಬ್ಬರು ಒಂದೊಂದು ಹುಳದ ತಟ್ಟೆ ಮುಂದೆ ಕೂತು ತಮ್ಮ ತಟ್ಟೆಯಲ್ಲಿನ ಹಣ್ಣುಹುಳ ಆರಿಸುತ್ತಾರೆ. ಕೂಲಿ ಇಲ್ಲ. ನಾಳೆ ಅವರ ಮನೆಯಲ್ಲಿ ಹುಳ ಹಣ್ಣಾದರೆ ನಾವು ಹೋಗುತ್ತೇವೆ. ನಿಮ್ಮ ಕಾಲದಲ್ಲೂ ಇದ್ದಿರಬೇಕು. ಗೂಡುಗಳಿಗೂ ಇದನ್ನೇ ಕಲಿಸಿದೆವು. ಯಾವ ಮನೆಯಿಂದ ಪ್ರಶ್ನೆ ಬಂದರೂ ಅದು ಎಲ್ಲ ಗೂಡಿಗೂ ಹೋಗುತ್ತದೆ, ಪ್ರತಿ ಗೂಡೂ ತನ್ನ ತಟ್ಟೆ ಮಾತ್ರ ನೋಡಿಕೊಳ್ಳುತ್ತದೆ, ಸಿಕ್ಕ ಎಳೆಗಳೆಲ್ಲ ಸೇರಿ ಒಂದು ಉತ್ತರವಾಗಿ ಬರುತ್ತದೆ. ನಿನ್ನ ಪ್ರಶ್ನೆಗೆ ನನ್ನ ಗೂಡು ದುಡಿಯುತ್ತದೆ, ನನ್ನ ಪ್ರಶ್ನೆಗೆ ನಿನ್ನದು. ಇದಕ್ಕೆ ಮುಯ್ಯಿ ಎಂದು ಹೆಸರಿಟ್ಟೆವು. ಒಂದು ಗೂಡು ತನ್ನ ಪಾಲು ಹುಡುಕಲು ಅರ್ಧ ನಿಮಿಷ. ಹನ್ನೊಂದು ಸಾವಿರ ಗೂಡು ಹುಡುಕಲೂ ಅರ್ಧ ನಿಮಿಷ. ಹುಡುಕಿ ಮುಗಿದ ಮೇಲೆ ಜಾಗ ಉಳಿಯಲಿ ಎಂದು ಗೂಡು ತನ್ನ ಹೆಜ್ಜೆಗುರುತು ಅಳಿಸಿಕೊಳ್ಳುತ್ತಿತ್ತು. ಯಾರೂ ಇದನ್ನು ಕಾಗದದ ಮೇಲೆ ಬರೆದಿಡಲಿಲ್ಲ. ಅನ್ನ ಹೇಗೆ ಉಣ್ಣಬೇಕೆಂದು ಯಾರಾದರೂ ಬರೆದಿಡುತ್ತಾರೆಯೇ?

ಹದಿನೆಂಟು ವರ್ಷ ಹೀಗೆ ನಡೆಯಿತು. ನಲವತ್ತೊಂಬತ್ತರಲ್ಲಿ ಒಂದು ಕಂಪನಿ ಪೇಟೆಂಟು ಬರೆಸಿಕೊಂಡಿತು. ಅದರ ಹೆಸರು ಬರೆದರೆ ಹಿನ್ನಂಚೆಯವರು ಕಾಗದ ವಾಪಸು ಕೊಡುತ್ತಾರೆ, ಬಿಡಿ. ದೊಡ್ಡ ಯಂತ್ರಗಳು ಹಂಚಿಕೊಂಡು ಹುಡುಕುವುದು ನಿಮ್ಮ ಕಾಲದಲ್ಲೇ ಇತ್ತಂತೆ, ಅದಕ್ಕಾಗಿ ಕಂಪನಿ ಕಂಪನಿಗಳು ಆಗಲೇ ಕಿತ್ತಾಡುತ್ತಿದ್ದವಂತೆ. ಇವರು ಬರೆಸಿದ್ದು ನಮ್ಮ ಮನೆಮನೆಯ ದಾರಿಯನ್ನು: “ಒಂದು ಪ್ರಶ್ನೆಯನ್ನು ಹಲವು ಮನೆಗಳಿಗೆ ಏಕಕಾಲದಲ್ಲಿ ಹಂಚಿ, ಹುಡುಕಿಸಿ, ಉತ್ತರ ಕೂಡಿಸುವ ವಿಧಾನ, ಯಂತ್ರದಿಂದಾಗಲಿ, ಅನ್ಯಥಾ ಆಗಲಿ.” ಕೊನೆಯ ಎರಡು ಮಾತು ಗಮನಿಸಿ. ನಾವು ಗಮನಿಸಲಿಲ್ಲ. ನಿಮ್ಮ ಕಾಲದಲ್ಲಿ ಪೇಟೆಂಟು ಇಪ್ಪತ್ತು ವರ್ಷಕ್ಕೆ ಸಾಯುತ್ತದಂತೆ. ನಮ್ಮಲ್ಲಿ ಸಾಯುವುದಿಲ್ಲ. ಒಂದು ಸಾಲು ತಿದ್ದಿ ಕೊಟ್ಟರೆ ಮತ್ತೆ ಹುಟ್ಟುತ್ತದೆ.

ಅರವತ್ತೆಂಟರಲ್ಲಿ ನಮ್ಮ ಊರಿಗೆ ನೋಟೀಸು ಬಂತು. ಲಾಯರ್ ಸರ್ವಮಂಗಳ ಎಂಬ ಹೆಣ್ಣುಮಗಳು ನಮ್ಮ ಪರವಾಗಿ ನಿಂತಳು. ಅವಳು ಹೇಳಿದ್ದು ಸುಲಭವಾಗಿತ್ತು. ಪೇಟೆಂಟು ಬರೆಸುವ ಮೊದಲೇ ಇದು ಊರಿನ ರೂಢಿಯಾಗಿತ್ತು ಎಂದು ತೋರಿಸಿದರೆ ಅವರ ಪೇಟೆಂಟು ಬಿದ್ದುಹೋಗುತ್ತದೆ. ತಾರೀಖು ಹಾಕಿದ ಹಳೆಯ ಕಾಗದ ಇದ್ದರೆ ಸರಿ, ಇಲ್ಲದಿದ್ದರೆ ಸಾಕ್ಷಿ, ಅದೂ ಊರಿಗೊಬ್ಬರೇ. ಕಾಗದ ಇರಲಿಲ್ಲ. ಯಾರು ಸಾಕ್ಷಿ ಎಂದು ಸಭೆ ಸೇರಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. “ಪಿಳ್ಳಮ್ಮಕ್ಕ ಯಾರಿಗೂ ಹೆದರೋಳಲ್ಲ, ಅವಳೇ ಹೋಗ್ಲಿ.” ನನಗೆ ಹೆಮ್ಮೆಯಾಯಿತು. ಇವತ್ತು ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನರಸಮ್ಮ ಮಾತ್ರ, “ಅಕ್ಕಾ, ನಿಧಾನಕ್ಕೆ ಮಾತಾಡು, ಬಾಯಿ ಬಿಡೋ ಮುಂಚೆ ಉಗುಳು ನುಂಗು” ಎಂದಳು. ನಾನು ಅವಳಿಗೂ ರೇಗಿದೆ.

ಕೋರ್ಟಿನಲ್ಲಿ ಒಕ್ಕಣೆ ಯಂತ್ರ ಎಂಬುದಿದೆ. ನಾವು ಕನ್ನಡದಲ್ಲಿ ಹೇಳಿದ್ದನ್ನು ಅದು ಕೋರ್ಟಿನ ಭಾಷೆಗೆ ಇಳಿಸುತ್ತದೆ. ಜಡ್ಜುಗಳು ಓದುವುದು ಅದನ್ನು ಮಾತ್ರ, ನಮ್ಮ ಮುಖ ಸಹ ನೋಡುವುದಿಲ್ಲ. ಕಂಪನಿಯ ಲಾಯರ್ ನಮ್ಮ ಸೀಮೆಯವನೇ, ಒಳ್ಳೆಯ ಕನ್ನಡ, ನಯವಾದ ದನಿ.

“ಅಜ್ಜಿ, ನಿಮ್ಮ ಊರ ಗೂಡುಗಳು ಹೇಗೆ ಹುಡುಕ್ತಿದ್ವು, ಸ್ವಲ್ಪ ಹೇಳ್ತೀರಾ?”

“ಎಲ್ಲಾ ಗೂಡೂ ಒಂದೇ ಸಲ ಹುಡುಕ್ತಿದ್ವು ಸ್ವಾಮಿ.”

ಅವನು ಯಂತ್ರದ ಕಡೆ ಒಮ್ಮೆ ನೋಡಿ ಮತ್ತೆ ನನ್ನ ಕಡೆ ತಿರುಗಿದ. “ಒಂದೇ ಸಲ ಅಂತೀರಾ?”

“ಹೂಂ, ಒಂದೇ ಸಲ. ನಿಮಗೆ ಕಿವಿ ಕೇಳ್ಸಲ್ವಾ?”

“ಎರಡನೇ ಸಲ ಅನ್ನೋದು ಇರಲಿಲ್ಲ?”

“ಎರಡನೇ ಸಲ ಯಾಕ್ರೀ ಬೇಕು? ಒಂದೇ ಸಲಕ್ಕೆ ಸಿಗೋವಾಗ ಎರಡನೇ ಸಲ ಹುಡುಕೋಕೆ ನಮಗೇನು ಹುಚ್ಚಾ?”

ಹಿಂದೆ ಕೂತಿದ್ದ ನಮ್ಮ ಊರಿನವರು ಗೊಳ್ಳೆಂದು ನಕ್ಕರು. ಅವನು ನನಗೆ ಕೈಮುಗಿದು, “ಬಹಳ ಉಪಕಾರ ಆಯ್ತು ಅಜ್ಜಿ” ಎಂದು ಕೂತುಬಿಟ್ಟ. ಗೆದ್ದೆ ಎಂದುಕೊಂಡೆ. ಸರ್ವಮಂಗಳ ಯಂತ್ರ ಬರೆದದ್ದರ ಕನ್ನಡ ಪ್ರತಿ ತಂದು, “ಸಹಿ ಹಾಕೋ ಮುಂಚೆ ನಿಧಾನವಾಗಿ ಓದಿ ನೋಡಿ ಅಜ್ಜಿ, ನಾನು ಓದೋ ಹಾಗಿಲ್ಲ, ಸಾಕ್ಷಿನೇ ಓದಬೇಕು” ಎಂದಳು. ಹದಿನಾಲ್ಕು ಪುಟ, ಇರುವೆಯಂಥ ಅಕ್ಷರ. ನಾನು ಓದಬಲ್ಲೆ, ಆದರೆ ತುಟಿ ಆಡಿಸಿಕೊಂಡು, ಬೆರಳಿಟ್ಟುಕೊಂಡು. ಅಷ್ಟು ಜನರ ಮುಂದೆ, ಅವನ ಮುಂದೆ, ಬೆರಳಿಟ್ಟುಕೊಂಡು ಓದಲು ನನಗೆ ಆಗಲಿಲ್ಲ. “ನಾನು ಹೇಳಿದ್ದು ನನಗೆ ಗೊತ್ತಿಲ್ವಾ, ಕೊಡಮ್ಮ ಇಲ್ಲಿ” ಎಂದು ಸಹಿ ಗೀಚಿ ಎದ್ದೆ.

ತೀರ್ಪು ಬಂದಾಗ ಸರ್ವಮಂಗಳ ನಮ್ಮ ಮನೆಯ ಜಗಲಿಯ ಮೇಲೆ ಕೂತು ಓದಿ ಹೇಳಿದಳು. ಎಲ್ಲವೂ ಕೂಡಿ ಅದೇ ಹೊತ್ತಿಗೆ ಎಂಬ ಅರ್ಥದಲ್ಲಿ ನಾನು ಒಂದೇ ಸಲ ಎಂದಿದ್ದೆ. ಯಂತ್ರ ಬರೆದುಕೊಂಡದ್ದು ಒಂದು ಬಾರಿ ಮಾತ್ರ ಎಂದು. ಎರಡನೆಯ ಬಾರಿ ಎಂದೂ ಹುಡುಕಿಲ್ಲ ಎಂದು ಸಾಕ್ಷಿಯೇ ಒತ್ತಿ ಒತ್ತಿ ಹೇಳಿದ್ದಾಳೆ. ಒಂದು ಬಾರಿ ನಡೆದ ಪ್ರಯೋಗ ರೂಢಿ ಎನಿಸುವುದಿಲ್ಲ. ಪೇಟೆಂಟು ಎತ್ತಿಹಿಡಿಯಲಾಗಿದೆ. ಆ ಲಾಯರಿಗೆ ನನ್ನ ಮಾತಿನ ಅರ್ಥ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಮನೆಯಲ್ಲೂ ಯಾರೋ ಒಬ್ಬಳು, ಎಲ್ಲರೂ ಒಂದೇ ಸಲ ಊಟಕ್ಕೆ ಬನ್ನಿ ಎಂದು ಕೂಗಿಯೇ ಅವನನ್ನು ಬೆಳೆಸಿರುತ್ತಾಳೆ. ಆಕೆ ಕೂಗಿದ್ದು ದಿನಾ ಉಣ್ಣಲಿಕ್ಕೆ. ಮೇಲಿನ ಕೋರ್ಟಿಗೂ ಹೋದೆವು. ಸಹಿ ಇರುವ ಮಾತು ತಿದ್ದಲು ಬರುವುದಿಲ್ಲ ಎಂದರು.

ಅಲ್ಲಿಂದಾಚೆ ಗೂಡುಗಳು ಸಾಲಾಗಿ ಹುಡುಕಬೇಕಾಯಿತು. ಮೊದಲ ಮನೆ ಮುಗಿದ ಮೇಲೆ ಎರಡನೆಯದು, ಎರಡನೆಯದು ಮುಗಿದ ಮೇಲೆ ಮೂರನೆಯದು. ಕಂಪನಿಯ ಅನುಮತಿ ಕೇಳಬಹುದಿತ್ತು, ಅರ್ಜಿ ಹಾಕಿದ ಮೂವತ್ತು ದಿನಕ್ಕೆ ಕೊಡುತ್ತಿದ್ದರು. ಬಾವಿಯ ನೀರು, ಮೊಟ್ಟೆಯ ತಳಿ, ಇಂಥದ್ದಕ್ಕೆಲ್ಲ ಜನ ಗೊಣಗಿಕೊಂಡು ಕಾದರು.

ಅರವತ್ತೊಂಬತ್ತರ ಶ್ರಾವಣದಲ್ಲಿ ನರಸಮ್ಮನ ಹೊಟ್ಟೆಯೊಳಗಿನ ಹುಣ್ಣು ಒಡೆಯಿತು. ಅವಳದು ಬಾಂಬೆ ಗುಂಪಿನ ರಕ್ತ, ಹತ್ತು ಸಾವಿರಕ್ಕೊಬ್ಬರಲ್ಲಿ ಇರುವುದು. ಒಡಹುಟ್ಟಿದ ನನ್ನದೂ ಅದಲ್ಲ. ನಮ್ಮಲ್ಲಿ ರಕ್ತವನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ, ಆದರೆ ಈ ಗುಂಪಿಗೆ ಗಿರಾಕಿ ಕಡಿಮೆ ಎಂದು ಮಾಡುವುದಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಗೂಡಿನ ಮುಂದೆ ನಿಂತು ಕೇಳಿದೆ: ಈ ರಕ್ತ ಊರಲ್ಲಿ ಯಾರದ್ದಿದೆ? ಒಂದನೆಯ ಮನೆ, ಇಲ್ಲ. ಎರಡನೆಯ ಮನೆ, ಇಲ್ಲ. ಅರ್ಧ ನಿಮಿಷಕ್ಕೊಂದು ಇಲ್ಲ. ಹನ್ನೊಂದು ಸಾವಿರ ಮನೆಗೆ ನಾಲ್ಕು ದಿನ. ಡಾಕ್ಟರು ಎರಡು ದಿನ ಎಂದಿದ್ದರು.

ಬಿಸಿಲಿಗೆ ಅಂಜದೆ ನಾನು ರೇಷ್ಮೆಗೂಡಿನ ಮಾರುಕಟ್ಟೆಗೆ ಓಡಿದೆ. ಅಲ್ಲಿ ನೆರಳಿಗೆ ನಿಂತಿದ್ದ ಹತ್ತು ಹೆಂಗಸರನ್ನು ಕರೆದು, ನೀನು ಆ ಬೀದಿ, ನೀನು ಈ ಬೀದಿ ಎಂದು ಹಂಚುತ್ತಿದ್ದೆ. ಕಂಪನಿಯ ಕಾವಲಿನವನು ಆದೇಶದ ಹಾಳೆ ಹಿಡಿದು ಬಂದ.

“ಹತ್ತು ಜನ ಹತ್ತು ಬೀದಿಗೆ ಹೋದ್ರೆ ಅದು ನಮ್ಮ ವಿಧಾನ ಆಗ್ತದೆ ಅಜ್ಜಿ. ಅನ್ಯಥಾ ಅಂತ ಬರೆದಿದೆ ನೋಡಿ, ಅಂದ್ರೆ ಯಂತ್ರ ಇಲ್ದೆ ಮಾಡಿದ್ರೂ ಅದೇ. ನೀವೊಬ್ರೇ ಹೋಗಿ ಕೇಳಿ, ಯಾರೂ ಬೇಡ ಅನ್ನಲ್ಲ.”

“ನಿಮ್ಮಮ್ಮ ನಿನ್ನ ಹೆತ್ತಾಗ ಒಬ್ಬಳು ಹಿಡ್ಕೊಂಡು, ಇನ್ನೊಬ್ಬಳು ನೀರು ಕಾಯ್ಸಿರ್ತಾಳಲ್ಲೋ, ಅದೂ ನಿಮ್ಮ ವಿಧಾನಾನಾ?” ಎಂದೆ.

ಅವನು ತಲೆ ತಗ್ಗಿಸಿದ, ಆದರೆ ಹಾಳೆ ಇಳಿಸಲಿಲ್ಲ. ಹತ್ತು ಹೆಂಗಸರಲ್ಲಿ ಒಬ್ಬೊಬ್ಬರೇ ಹಿಂದೆ ಸರಿದರು. ಅವರ ಮನೆಯ ಗೂಡನ್ನೇ ಕಿತ್ತುಕೊಂಡು ಹೋಗುತ್ತಾರೆಂಬ ಭಯ. ಹುಳ ಹಣ್ಣಾದಾಗ ಅವರಲ್ಲಿ ಏಳು ಜನರ ಮನೆಗೆ ನಾನೇ ಹೋಗಿ ಆರಿಸಿ ಕೊಟ್ಟಿದ್ದೆ. ಬೈಯಬೇಕು ಎಂದುಕೊಂಡೆ, ನನಗೆ ಯಾವ ಬಾಯಿ? ಅವರ ಕೈ ಕಟ್ಟಿಸಿದವಳು ನಾನೇ. ಒಬ್ಬಳೇ ಹೋದೆ. ಸೋಮವಾರ, ಮಂಗಳವಾರ ಸೇರಿ ಮಾರುಕಟ್ಟೆಯ ಸುತ್ತಿನ ನೂರ ಅರವತ್ತು ಬಾಗಿಲು ಬಡಿದೆ.

ನಡುನಡುವೆ ಆಸ್ಪತ್ರೆಗೆ ಹೋದರೆ ನರಸಮ್ಮ ಕಣ್ಣು ಬಿಟ್ಟು ಕೇಳುತ್ತಿದ್ದುದು ಒಂದೇ. “ಎಷ್ಟನೇ ಮನೆ ಆಯ್ತಕ್ಕಾ?” ಸಾವಿರದ ಇನ್ನೂರು ಎಂದೆ. ಎರಡು ಸಾವಿರದ ಒಂಬೈನೂರು ಎಂದೆ. ನಾನು ನರ್ಸಿನ ಮೇಲೆ ಕೂಗಾಡುವುದನ್ನು ಕೇಳಿ, “ಕೋರ್ಟಲ್ಲಿ ಬೈದಿದ್ದು ಸಾಲ್ದಾ, ಸುಮ್ನಿರೇ” ಎಂದು ನಕ್ಕಳು. ನಗಲು ಶಕ್ತಿ ಇರಲಿಲ್ಲ, ತುಟಿ ಮಾತ್ರ ಅಲುಗಿತು. ಅವಳು ಒಂದು ದಿನಕ್ಕೂ ನನ್ನನ್ನು ಆ ಮಾತಿಗಾಗಿ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಮಂಗಳವಾರ ದೀಪ ಹಚ್ಚುವ ಹೊತ್ತಿಗೆ ಗೂಡು ನಾಲ್ಕು ಸಾವಿರದ ಹದಿನೆಂಟನೆಯ ಮನೆಯಲ್ಲಿತ್ತು. ಆಗ ಅವಳು ಹೋದಳು.

ಪ್ರಶ್ನೆ ನಿಲ್ಲಿಸುವುದು ನನಗೆ ತೋಚಲಿಲ್ಲ, ಅದು ಸಾಲಿನಲ್ಲಿ ಹೋಗುತ್ತಲೇ ಇತ್ತು. ಮಣ್ಣು ಮಾಡಿ ಬಂದ ಮರುದಿನ, ಗುರುವಾರ ಮಧ್ಯಾಹ್ನ, ಗೂಡು ಮಿನುಗಿ ಉತ್ತರ ಕೊಟ್ಟಿತು. ಗೂಡು ಕೂರಿಸಿದ ಸರದಿಯಲ್ಲಿ ಒಂಬತ್ತು ಸಾವಿರದ ನೂರ ನಲವತ್ತನೆಯ ಮನೆ. ಜಬೀನಾ, ನೂಲು ತೆಗೆಯುವವಳು. ನಮ್ಮಿಂದ ಮೂರು ಬೀದಿ ಆಚೆ. ಅವಳ ಮನೆಯ ಗೂಡೂ ಮಿನುಗಿತ್ತು. ಬಿಸಿಲನ್ನೂ ಲೆಕ್ಕಿಸದೆ, ಬೆಂದ ರೇಷ್ಮೆಗೂಡಿನ ವಾಸನೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿ ಬಂದಳು. ಬಾಗಿಲಲ್ಲಿ ನಿಂತು ನರಸಮ್ಮನಿಗೆ ಹಚ್ಚಿಟ್ಟ ದೀಪ ನೋಡಿದಳು, ನನ್ನ ಮುಖ ನೋಡಿದಳು.

“ಪಿಳ್ಳಮ್ಮಕ್ಕ, ಮೂರು ಬೀದಿ ಆಚೆ ಇದ್ನಲ್ಲ ನಾನು. ಒಂದ್ ಕೂಗು ಹಾಕಿದ್ರೆ ಬರ್ತಿರ್ಲಿಲ್ವಾ?”

ಅದಕ್ಕೆ ಉತ್ತರವಾಗಿ ಈ ಕಾಗದ ಬರೆಯುತ್ತಿದ್ದೇನೆ.

ಹಿನ್ನಂಚೆಯ ಗುಮಾಸ್ತ ನನ್ನನ್ನು ಕೇಳಿದ, ಇದರಿಂದ ಏನಾಗುತ್ತದೆ ಅಜ್ಜಿ ಎಂದು. ಪೇಟೆಂಟಿನ ತಾರೀಖಿಗಿಂತ ಹಳೆಯದಾದ ಒಂದೇ ಒಂದು ಕಾಗದ ಇದ್ದಿದ್ದರೆ ಸಾಕ್ಷಿಯೇ ಬೇಕಿರಲಿಲ್ಲ ಎಂದೆ. ನನ್ನ ಬಾಯಿಯೂ ಬೇಕಿರಲಿಲ್ಲ, ಆ ಯಂತ್ರವೂ ಬೇಕಿರಲಿಲ್ಲ. ಅವನು, “ಕೆಲಸ ಆದ್ರೆ ನಿಮಗೆ ಗೊತ್ತಾಗಲ್ಲ ಅಜ್ಜಿ. ಬರೆದಿದ್ದೂ ನೆನಪಿರಲ್ಲ” ಎಂದ. ಗೊತ್ತಾಗದಿದ್ದರೆ ಬೇಡ. ಕೋರ್ಟಿಗೇ ಹೋಗದ ಒಬ್ಬ ಪಿಳ್ಳಮ್ಮ ತನ್ನ ತಂಗಿಯ ಮೇಲೆ ಯಾವುದೋ ಚಿಲ್ಲರೆ ಕಾರಣಕ್ಕೆ ರೇಗಿಕೊಂಡು ಕೂತಿರಲಿ. ನನಗೆ ಅಷ್ಟೇ ಬೇಕು. ಆದರೆ ಇವತ್ತಿಗೂ ಅವಳ ಮಂಚ ಖಾಲಿಯೇ ಇದೆ. ನೀವಿನ್ನೂ ಏನೂ ಮಾಡಿಲ್ಲ ಎಂದು ಅದರರ್ಥ ಇರಬಹುದು.

ಹಾಗಾಗಿ ಕೇಳಿಕೊಳ್ಳುತ್ತೇನೆ. ಕೇಳಿಕೊಳ್ಳುವುದು ನನ್ನ ಅಭ್ಯಾಸವಲ್ಲ. ಇದನ್ನು ಅಚ್ಚು ಹಾಕಿಸಿ. ಪತ್ರಿಕೆಯೋ ಪುಸ್ತಕವೋ, ಯಾವುದಾದರೂ ಸರಿ, ಎಲ್ಲರ ಕೈಗೆ ಸಿಗುವಂಥದ್ದು. ನಿಮಗೆ ತೀರಾ ಸಾಮಾನ್ಯ ಎನಿಸುವ ಇನ್ನೂ ಏನೇನು ಇದೆಯೋ ಅದನ್ನೂ ಬರೆದಿಡಿ: ಸೋಬಾನೆ ಹಾಡುವಾಗ ಒಬ್ಬರು ಎತ್ತಿಕೊಂಡು ಉಳಿದವರು ಸೇರುವುದು, ಬೆಂಕಿ ಬಿದ್ದರೆ ಕೊಡ ಕೈಯಿಂದ ಕೈಗೆ ದಾಟಿಸುವುದು, ಹತ್ತು ಜನ ಒಂದು ಚಪ್ಪರ ಎತ್ತುವುದು. ಎಲ್ಲರಿಗೂ ಗೊತ್ತಿದೆ ಎಂದು ಬಿಟ್ಟದ್ದನ್ನೇ ಅವರು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಾರೆ.

ಕೋರ್ಟಿನಲ್ಲಿ ನಾನು ಹೇಳಬೇಕಾಗಿದ್ದುದನ್ನು ಕೆಳಗೆ ಸರಿಯಾಗಿ ಬರೆದಿದ್ದೇನೆ. ಈ ಸಲ ಬೆರಳಿಟ್ಟುಕೊಂಡು ನಾಲ್ಕು ಬಾರಿ ಓದಿದ್ದೇನೆ. ಆ ಹಾಳು ಮಾತು ಇದರಲ್ಲಿ ಎಲ್ಲಿಯೂ ಇಲ್ಲ.

ಕೆರೆಯಂಗಳದ ಮನೆಗಳಲ್ಲಿ ಯಾರಿಗೆ ಏನು ಬೇಕಾದರೂ ಪ್ರಶ್ನೆಯನ್ನು ಎಲ್ಲ ಗೂಡಿಗೂ ಹಂಚುತ್ತೇವೆ. ಎಲ್ಲ ಗೂಡೂ ಕೂಡಿ, ಅದೇ ಹೊತ್ತಿಗೆ, ತಮ್ಮ ತಮ್ಮ ಪಾಲು ಹುಡುಕುತ್ತವೆ. ಸಿಕ್ಕಿದ್ದನ್ನು ಕೂಡಿಸಿ ಕೇಳಿದವರಿಗೆ ಕೊಡುತ್ತೇವೆ. ಕೆಲಸಕ್ಕೆ ಕೆಲಸವೇ ಕೂಲಿ. ದಿನಾ ಮಾಡುತ್ತೇವೆ. ದಿನಕ್ಕೆ ನೂರು ಬಾರಿ ಮಾಡುತ್ತೇವೆ. ಇದನ್ನು ನಮಗೆ ಯಾವ ಕಂಪನಿಯೂ ಕಲಿಸಲಿಲ್ಲ. ನರಸಮ್ಮ ಹೇಳಿಕೊಟ್ಟಳು, ಅವಳಿಗೆ ಹುಳದ ಮನೆ ಕಲಿಸಿತು.

ಸಹಿ: ಪಿಳ್ಳಮ್ಮ.

ಇದರ ಕೆಳಗೆ ತಾರೀಖು ನೀವೇ ಹಾಕಿ, ನಿಮ್ಮ ಕೈಯಿಂದ, ನಿಮ್ಮ ಇವತ್ತಿನ ತಾರೀಖು. ನನ್ನದು ಯಾವ ಕೋರ್ಟಿಗೂ ಆಗುವುದಿಲ್ಲ.